ಅನಾತೋತಿನ ಜಾಗ

ಕಾಸರಗೋಡಿನ ಶಾಲೆಗಳಲ್ಲಿ ಓದಿದವರಿಗೆ ಗೊತ್ತು, ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ. ಗೆಳೆಯರು ಜುಮಾ ನಮಾಜಿಗೆ ಹೋಗಿ ಬರುವ ತನಕ ಉಳಿದವರಿಗೆ ಆಟ. ನಮ್ಮ ಕನ್ನಡ ಮೀಡಿಯಂ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟು. ಆ ಹೊತ್ತಿನಲ್ಲಿ ಸಮಾಜ ಟೀಚರ್ ನಮ್ಮನ್ನು ಜಗಲಿಯಲ್ಲಿ ಕೂರಿಸಿ ಬೈಬಲ್ ಓದಿಸುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಅವರಿಗೇ ಅದರಲ್ಲಿ ಪ್ರೀತಿ. ಶಾಲೆಯಲ್ಲಿ ಕಲಿತದ್ದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಜಗಲಿಯ ಪಾಠ, ಹಾಗಾಗಿ ಅದನ್ನೇ ಬರೆಯುತ್ತೇನೆ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಆರಾಧನೆಯ ದಿನ ವಾಗ್ದಾನದ ಚೀಟಿ, ಅಂದರೆ ದೇವರು ಮಾತು ಕೊಡುವ ಬೈಬಲ್ ವಚನ ಬರೆದ ಚೀಟಿ ಎತ್ತುವ ಕ್ರಮ ಇದೆ. ಒಂದು ವರ್ಷ ನನಗೆ ಪ್ರವಾದಿ ಯೆರೆಮೀಯನ ಪುಸ್ತಕದ 29:11 ಬಂತು. ನಿಮಗೆ ಒಳ್ಳೆಯ ಗತಿ ಕಾಣಿಸುವುದೇ ನನ್ನ ಯೋಚನೆ ಎಂದು ದೇವರು ಹೇಳುವ ವಚನ. ಖುಷಿಯಲ್ಲಿ ಟೀಚರಿಗೆ ತೋರಿಸಿದೆ. "ಚಂದ ಉಂಟು. ಅದರ ಹಿಂದಿನ ವಚನವನ್ನೂ ಓದು" ಎಂದರು. ಓದಿದರೆ ಅಲ್ಲಿ 70 ವರ್ಷದ ಮಾತು. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ ಅದು. 70 ವರ್ಷ ಕಳೆದ ಮೇಲೆ ಊರಿಗೆ ಕರೆತರುತ್ತೇನೆ, ಅಲ್ಲಿಯವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಎನ್ನುತ್ತದೆ. ಅಂದರೆ ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ಊರು ಕಾಣುವುದೇ ಇಲ್ಲ, ಅಲ್ವಾ?

ಮುಂದಿನ ವಾರ 32ನೇ ಅಧ್ಯಾಯ. ಶತ್ರು ಸೈನ್ಯ ಯೆರೂಸಲೇಮನ್ನು ಸುತ್ತಿದೆ, ಯೆರೆಮೀಯ ಸೆರೆಯಲ್ಲಿದ್ದಾನೆ, ಊರು ಬೀಳುತ್ತದೆ ಎಂದು ಸಾರಿದವನೂ ಅವನೇ. ಅಂಥ ಹೊತ್ತಿನಲ್ಲಿ ದೇವರು ಹೇಳಿದ್ದಕ್ಕೆ ಅವನು ತನ್ನೂರು ಅನಾತೋತಿನಲ್ಲಿ ಒಂದು ಜಾಗ ತೆಗೆದುಕೊಳ್ಳುತ್ತಾನೆ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ, ಸಾಕ್ಷಿ ಹಾಕಿಸಿದ, ಕ್ರಯಪತ್ರ ಬಹುಕಾಲ ಉಳಿಯಲಿ ಎಂದು ಮಣ್ಣಿನ ಮಡಕೆಯಲ್ಲಿ ಇಡಿಸಿದ. ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ ಎಂಬುದು ದೇವರ ಮಾತು. ಜಾಗದ ವ್ಯವಹಾರ ಮನೆಯಲ್ಲಿ ಕೇಳಿಯೇ ಬೆಳೆದ ನಮಗೆ ಆಶ್ಚರ್ಯ. ಬೀಳುವ ಊರಲ್ಲಿ ಯಾರಾದರೂ ಜಾಗ ಮಾಡುತ್ತಾರಾ? ಟೀಚರ್ ಅಂದರು, "ನಂಬಿದ್ದೇನೆ ಅಂತ ಬಾಯಲ್ಲಿ ಹೇಳಿದ್ದಲ್ಲ ಮಕ್ಕಳೇ, ದುಡ್ಡು ಕೊಟ್ಟು ರಿಜಿಸ್ಟ್ರಿ ಮಾಡಿಸಿದ್ದು."

ಅಬ್ರಹಾಮನ ಕಥೆಯನ್ನೂ ಅವರು ಅವಸರ ಇಲ್ಲದೆ ಓದಿಸಿದರು. ದೇವರ ಮಾತು ನಂಬಿ ಊರು ಬಿಟ್ಟು ಹೊರಟಾಗ ಅವನಿಗೆ 75, ದೇವರು ಮಾತು ಕೊಟ್ಟ ಮಗ ಇಸಾಕ ಹುಟ್ಟುವಾಗ 100. ನಡುವೆ ಹೆದರಿ ಹೆಂಡತಿಯನ್ನು ತಂಗಿ ಎಂದದ್ದು, ದಾಸಿ ಹಾಗರಳ ಸಂಕಟ, ಈ ವಯಸ್ಸಿನಲ್ಲಿ ಮಗುವಾ ಎಂದು ಹೆಂಡತಿ ಸಾರಾ ನಕ್ಕದ್ದು ಎಲ್ಲ ಇದೆ. ಈ ದೇಶ ನನ್ನದಾಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದು ಅವನು ನೇರ ಕೇಳುತ್ತಾನೆ, ದೇವರು ಗದರಿಸುವುದಿಲ್ಲ, ಒಡಂಬಡಿಕೆ ಮಾಡುತ್ತಾನೆ. ಇದನ್ನೆಲ್ಲ ಬಚ್ಚಿಡದೆ ಬರೆದಿರುವುದರಿಂದಲೇ ನನಗೆ ಈ ಗ್ರಂಥದ ಮೇಲೆ ಭರವಸೆ ಬಂದದ್ದು. ಬರೀ ಗೆದ್ದ ಕಥೆಗಳಿದ್ದರೆ ಕಷ್ಟ ಬಂದ ದಿನ ಮುಚ್ಚಿಡುತ್ತಿದ್ದೆ.

ಆ ದಿನ ಬಂತು. 2020ರ ಮಾರ್ಚ್. ಅಮ್ಮನ ಚಿಕಿತ್ಸೆ ಮಂಗಳೂರಿನಲ್ಲಿ, ಕೊರೊನಾದಿಂದಾಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಬಂದ್. ರಾತ್ರಿ ಅಮ್ಮನ ಹತ್ತಿರ ಕೂತು 13ನೇ ಕೀರ್ತನೆ ಓದುತ್ತಿದ್ದೆ. ಇನ್ನೆಷ್ಟು ಕಾಲ ಎಂದು ದಾವೀದ ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಕೇಳುತ್ತಾನೆ, ಕೊನೆಗೆ ನಿನ್ನ ಕೃಪೆಯನ್ನೇ ನಂಬಿದ್ದೇನೆ ಎನ್ನುತ್ತಾನೆ. ಅಮ್ಮನೂ ಜೊತೆಗೆ ಹೇಳುತ್ತಿದ್ದರು. ಆ ಮಳೆಗಾಲ ಮುಗಿಯುವ ಮೊದಲೇ ಅಮ್ಮ ಹೋದರು. ನಂಬಿಕೆ ಸಾಲಲಿಲ್ಲ ಎಂದವರೂ ಇದ್ದರು. ಅದು ಸುಳ್ಳು. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಓದಿ, ನಂಬಿಕೆಗೆ ಹೆಸರಾದವರೇ ವಾಗ್ದಾನದ ಫಲ ಕೈಗೆ ಬಾರದೆ, ಅದನ್ನು ದೂರದಿಂದ ನೋಡಿ ಸಂತೋಷಪಟ್ಟು ಸತ್ತರು ಎಂದು ಅಲ್ಲಿದೆ. ಅಮ್ಮ ಆ ಸಾಲಿನವರು. ಪುನರುತ್ಥಾನದಲ್ಲಿ ಅವರನ್ನು ಕಾಣುತ್ತೇನೆ ಎಂಬ ಮಾತನ್ನು ನಾನು ಪೂರ್ತಿ ನಂಬಿದ್ದೇನೆ.

ಅಮ್ಮ ಹೋದ ಮೇಲೆ ಬೈಬಲನ್ನು ಮೊದಲಿಂದ ಓದಲು ಹಿಡಿದೆ. ಎಜ್ರನ ಎರಡನೇ ಅಧ್ಯಾಯ, ಸೆರೆಯಿಂದ ಊರಿಗೆ ಮರಳಿದವರ ಪಟ್ಟಿ. ಸಾಮಾನ್ಯವಾಗಿ ಎಲ್ಲರೂ ಹಾರಿಸುವ ಪುಟ. 23ನೇ ವಚನದಲ್ಲಿ ಅನಾತೋತಿನವರು 128 ಮಂದಿ ಎಂದಿದೆ. ಯೆರೆಮೀಯ ಅದನ್ನು ನೋಡಲಿಲ್ಲ, ಅವನನ್ನು ಜನ ಐಗುಪ್ತಕ್ಕೆ ಎಳೆದುಕೊಂಡು ಹೋಗಿದ್ದರು. ಆದರೆ ಅವನ ಊರಿನವರು ಅವನು ಜಾಗ ಕೊಂಡ ಊರಿಗೇ ಬಂದರು. ಟೀಚರ್ ಈ ಸಂಚಿಕೆ ಓದುತ್ತಾರೆ ಎಂದು ಗೊತ್ತು. ಟೀಚರೇ, ಎಜ್ರ 2:23 ಒಮ್ಮೆ ನೋಡಿ.