ಬಂದರಿನ ಗುಜರಿಯಲ್ಲಿ ಸಿಕ್ಕ ಜಪಾನಿ ಚೂರಿ

ಮಂಗಳೂರಿನ ಬಂದರಿನ ಒಂದು ಗುಜರಿ ಅಂಗಡಿಯಲ್ಲಿ ಹಳೆ ಹಗ್ಗ, ತಾಮ್ರದ ವಯರು, ದೊಡ್ಡ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳ ನಡುವೆ ಈ ಚೂರಿ ಬಿದ್ದಿತ್ತು. ಮೈ ತುಂಬ ಕೆಂಪು ತುಕ್ಕು. ಎತ್ತಿದ ಕೂಡಲೇ ಕೈಗೆ ಭಾರ ಗೊತ್ತಾಯಿತು.

"ಇದೆಂತ, ಮೀನು ಕತ್ತರಿಸುವುದಾ?" ಅಂತ ಕೇಳಿದೆ.

"ಯಾವುದೋ ಹಡಗಿನದ್ದು ಮಾರಾಯ್ರೆ. ಭಾರ ಉಂಟು ನೋಡಿ. ಮುನ್ನೂರು ಕೊಡಿ."

ಕೊಟ್ಟು ತಂದೆ. ಮನೆಗೆ ಬಂದು ಅಳೆದರೆ ಅಲಗಿನ ಉದ್ದ 18 ಸೆಂಟಿಮೀಟರ್, ಬೆನ್ನಿನ ದಪ್ಪ ಹಿಡಿಯ ಹತ್ತಿರ 7 ಮಿಲಿಮೀಟರ್. ಒಂದೇ ಬದಿಗೆ ಮಸೆದ ಬಾಯಿ. ಇನ್ನೊಂದು ಬದಿ ನೋಡಲು ಚಪ್ಪಟೆ, ಆದರೆ ಸ್ಟೀಲ್ ಸ್ಕೇಲು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಸಣ್ಣ ಸಂದು ಕಾಣುತ್ತದೆ, ಅಂದರೆ ಅಲ್ಲಿ ತೆಳುವಾಗಿ ತಗ್ಗು ತೆಗೆದಿದ್ದಾರೆ. ಇಷ್ಟು ಕಂಡರೆ ಸಾಕು, ಅದು ದೆಬಾ. ಜಪಾನಿನಲ್ಲಿ ಮೀನಿನ ತಲೆ ತೆಗೆದು, ಮುಳ್ಳಿನಿಂದ ಮಾಂಸ ಬಿಡಿಸುವ ಚೂರಿ. ಅವರ ಹಳೆಯ ಅಳತೆಯಲ್ಲಿ ಇದು 6 ಸುನ್. ಒಂದು ಸುನ್ ಅಂದರೆ ಸುಮಾರು 3 ಸೆಂಟಿಮೀಟರ್.

ಹಿಡಿ ಸೀಳಿತ್ತು. ಆದರೆ ಅದರ ಬಾಯಿಗೆ ಹಾಕಿದ್ದ ಕಪ್ಪು ಬಳೆ ಪ್ಲಾಸ್ಟಿಕ್ ಅಲ್ಲ, ಕೋಣದ ಕೊಂಬು. ಮರ ಬಿಳಿ, ತುಂಬ ಹಗುರ. ಜಪಾನಿಗಳು ಇದಕ್ಕೆ ಹೆಚ್ಚಾಗಿ ಹೊ ಅನ್ನುವ ಮರ ಬಳಸುತ್ತಾರೆ. ಅದು ನಮ್ಮ ಸಂಪಿಗೆಯ ಬಳಗದ್ದೇ ಮರ ಅಂತ ತಿಳಿದಾಗ ಆ ಒಡೆದ ಹಿಡಿಯನ್ನು ಬಿಸಾಡಲು ಮನಸ್ಸಾಗಲಿಲ್ಲ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ತುಕ್ಕು ಕಂಡ ಕೂಡಲೇ ಎಮರಿ ಪೇಪರು ಹಿಡಿದು ಕೂತೆ. ಹತ್ತು ನಿಮಿಷ ಉಜ್ಜಿರಬೇಕು. ಅಮ್ಮ ಕಾಯಿ ತುರಿಯುತ್ತಾ ನೋಡುತ್ತಿದ್ದವಳು, "ಅದರಲ್ಲಿ ಎಂತದೋ ಬರೆದ ಹಾಗೆ ಉಂಟಲ್ಲ ಮಗಾ" ಅಂದಳು. ಹೌದು, ಹಿಡಿಯ ಹತ್ತಿರ ಮೇಲಿಂದ ಕೆಳಗೆ ನಾಲ್ಕು ಅಕ್ಷರ. ಮೂರನೆಯದರ ಮೇಲೆ ನನ್ನ ಎಮರಿ ಪೇಪರು ಆಗಲೇ ಓಡಾಡಿತ್ತು. ಚೂರಿ ಯಾರದ್ದು ಅಂತ ಹೇಳುವ ಜಾಗ ಅದೊಂದೇ, ಅದನ್ನೇ ನಾನು ಅಳಿಸುತ್ತಿದ್ದೆ. ಇವತ್ತಿಗೂ ಆ ಹತ್ತು ನಿಮಿಷ ನೆನೆದರೆ ಹೊಟ್ಟೆ ಉರಿಯುತ್ತದೆ. ಹಳೆ ಚೂರಿ ಸಿಕ್ಕಿದರೆ ದಯವಿಟ್ಟು ಮೊದಲು ಓದಿ, ಆಮೇಲೆ ಉಜ್ಜಿ.

ಓದುವುದು ಹೇಗೆ ಅಂದರೆ, ಸೋಪುನೀರಲ್ಲಿ ತೊಳೆದು ಒಣಗಿಸಿ, ಅಕ್ಷರದ ಮೇಲೆ ಸ್ವಲ್ಪ ಅಕ್ಕಿಹಿಟ್ಟು ಹಾಕಿ ಬೆರಳಲ್ಲಿ ಒರೆಸಬೇಕು. ಗೀರುಗಳಲ್ಲಿ ಹಿಟ್ಟು ಕೂತು ಬಿಳಿ ಗೆರೆ ಎದ್ದು ಕಾಣುತ್ತದೆ. ಕೋಣೆಯ ಲೈಟು ಆರಿಸಿ ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಅಲಗಿಗೆ ತಾಗಿದ ಹಾಗೆ ಹಿಡಿದು ಫೋಟೊ ತೆಗೆಯಿರಿ. ಮೊಬೈಲಿನ ಅನುವಾದದ ಆಪ್ ಇಂಥ ಕೈಕೆತ್ತನೆಯನ್ನು ಸರಿಯಾಗಿ ಓದಲಿಲ್ಲ, ಒಮ್ಮೆ ಒಂದು ಅರ್ಥ ಇನ್ನೊಮ್ಮೆ ಇನ್ನೊಂದು. ಹಾಗಾಗಿ ಅಕ್ಷರದ ಭಾಗಗಳನ್ನು ಒಂದೊಂದಾಗಿ ಕಾಗದದಲ್ಲಿ ಬರೆದು ಹೋಲಿಸುತ್ತಾ ಕೂತೆ.

ಹತ್ತಿರದಿಂದ ನೋಡಿದರೆ ಪ್ರತಿ ಗೆರೆಯೂ ಒಂದೇ ಗೆರೆ ಅಲ್ಲ. ಸಣ್ಣ ಸಣ್ಣ ಮೊನೆಯ ಗುರುತುಗಳ ಸಾಲು. ಉಳಿ ಇಟ್ಟು ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಹೊಡೆದು, ಸ್ವಲ್ಪ ಸರಿಸಿ, ಮತ್ತೆ ಹೊಡೆದದ್ದು. ಅಚ್ಚೊತ್ತಿದ್ದೋ ಲೇಸರಿನದ್ದೋ ಆಗಿದ್ದರೆ ಆಳ ಎಲ್ಲ ಕಡೆ ಒಂದೇ ಇರುತ್ತಿತ್ತು. ಮೊದಲ ಅಕ್ಷರದ ಬಲಭಾಗದ ಮೇಲೆ ನಾಲ್ಕು ಪಾಲು ಮಾಡಿದ ಒಂದು ಚೌಕ ಇತ್ತು. ಆ ಚೌಕಕ್ಕೆ ಜಪಾನಿಯಲ್ಲಿ ಗದ್ದೆ ಅಂತಲೇ ಅರ್ಥ! ಬದು ಹಾಕಿದ ಗದ್ದೆಯ ಹಾಗೆಯೇ ಇದೆ. ಅದರ ಎಡಕ್ಕೆ ಮಣ್ಣು ಅನ್ನುವ ಗುರುತು. ಎಲ್ಲ ಸೇರಿದರೆ ಸಕಾಯಿ. ಒಸಾಕಾದ ಪಕ್ಕದ ಊರು. ಎರಡನೆಯ ಅಕ್ಷರ ಐದೇ ಗೆರೆಯದ್ದು, ಮಸಾ. ನಾವು ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆದು ಲೆಕ್ಕ ಇಡುತ್ತೇವಲ್ವಾ, ಜಪಾನಿಗಳು ಅದೇ ಕೆಲಸಕ್ಕೆ ಈ ಅಕ್ಷರವನ್ನು ಬರೆಯುತ್ತಾರೆ. ಮೂರನೆಯದು ಹೋಯಿತು. ಕೊನೆಯದು ಸಕು, ಅಂದರೆ 'ಮಾಡಿದ್ದು'. ಮಸಾ ಅಂತ ಶುರುವಾಗುವ ಹೆಸರುಗಳು ಚೂರಿಯ ಲೋಕದಲ್ಲಿ ಬಹಳ, ಹಾಗಾಗಿ ಅಷ್ಟರಿಂದಲೇ ಇಂಥವರದ್ದು ಅಂತ ಹೇಳಲು ಬರುವುದಿಲ್ಲ.

ಮೊದಲು ತುಂಬ ಬೇಸರ ಆಯಿತು. ಆಮೇಲೆ ಸಕಾಯಿಯ ಕೆಲಸದ ಕ್ರಮ ತಿಳಿದ ಮೇಲೆ ನನ್ನ ಪ್ರಶ್ನೆಯೇ ಸರಿ ಇಲ್ಲ ಅನ್ನಿಸಿತು. ಅಲ್ಲಿ ಒಂದು ಚೂರಿಯನ್ನು ಒಬ್ಬನೇ ಮಾಡುವುದು ಕಡಿಮೆ. ಕಮ್ಮಾರ ಕಾಯಿಸಿ ಬಡಿದು, ನೀರು ಕುಡಿಸಿ ಗಟ್ಟಿ ಮಾಡುತ್ತಾನೆ. ಮಸೆಯುವವನು ಬೇರೆ. ಹಿಡಿ ಮಾಡುವವನು ಬೇರೆ. ಎಲ್ಲ ಸೇರಿಸಿ ಮಾರುವುದು ಸಗಟು ಅಂಗಡಿ, ಅಲಗಿನ ಮೇಲಿನ ಹೆಸರು ಹೆಚ್ಚಾಗಿ ಆ ಅಂಗಡಿಯದ್ದು. ಅಂದರೆ ಮೂರನೆಯ ಅಕ್ಷರ ಉಳಿದಿದ್ದರೂ ಬಡಿದವನ ಹೆಸರು ನನಗೆ ಸಿಗುತ್ತಿರಲಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಹೊಗೆಸೊಪ್ಪು ಜಪಾನಿಗೆ ಬಂತು. ಮುಂದೆ ಆ ಸೊಪ್ಪನ್ನು ಕೊಚ್ಚುವ ಚೂರಿಯಿಂದಲೇ ಸಕಾಯಿ ಹೆಸರು ಮಾಡಿತು. ಅಲ್ಲಿನ ಚೂರಿಗಳಿಗೆ 1982ರಲ್ಲಿ ಜಪಾನ್ ಸರ್ಕಾರ ಸಾಂಪ್ರದಾಯಿಕ ಕರಕುಶಲ ವಸ್ತು ಅನ್ನುವ ಮಾನ್ಯತೆ ಕೊಟ್ಟಿದೆ.

ಇನ್ನು ಲೋಹ. ನಮ್ಮಲ್ಲಿ ಸ್ಟೀಲ್ ಅಂದರೆ ತುಕ್ಕು ಹಿಡಿಯದ ಪಾತ್ರೆ, ತುಕ್ಕು ಹಿಡಿದರೆ ಅದು ಕಬ್ಬಿಣ. ಈ ಚೂರಿಯಲ್ಲಿ ಎರಡು ಲೋಹ ಇದೆ, ಮೆತ್ತಗಿನ ಕಬ್ಬಿಣ ಮತ್ತು ಗಟ್ಟಿ ಉಕ್ಕು. ಎರಡನ್ನೂ ಕಾಯಿಸಿ ಬಡಿದು ಬೆಸೆದಿದ್ದಾರೆ. ಅಯಸ್ಕಾಂತ ಇಟ್ಟು ನೋಡಿ ಅಂತ ಒಬ್ಬರು ಹೇಳಿದರು. ಅದರಿಂದ ಏನೂ ಗೊತ್ತಾಗುವುದಿಲ್ಲ, ಚೂರಿಗೆ ಬಳಸುವ ಸ್ಟೇನ್‌ಲೆಸ್ ಕೂಡ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುತ್ತದೆ. ಲಿಂಬೆಹುಳಿ ಹೇಳುತ್ತದೆ. ಬಾಯಿಯ ಹತ್ತಿರ ಒಂದು ಜಾಗ ಚೆನ್ನಾಗಿ ತೊಳೆದು, ಎಣ್ಣೆ ಪಸೆ ಇಲ್ಲದ ಹಾಗೆ ಒರೆಸಿ, ಲಿಂಬೆಯ ಹೋಳು ಉಜ್ಜಿ ಬಿಟ್ಟೆ. ಐದೇ ನಿಮಿಷಕ್ಕೆ ಬೂದು ಬಣ್ಣ ಬಂತು. ಶೇಕಡಾ 15ರಷ್ಟು ಕ್ರೋಮಿಯಂ ಇರುವ ವಿಜಿ-10 ಥರದ ಸ್ಟೇನ್‌ಲೆಸ್ ಆಗಿದ್ದರೆ ಬಣ್ಣ ಬದಲಾಗುತ್ತಿರಲಿಲ್ಲ. ಅದೂ ಅಲ್ಲದೆ ಬಣ್ಣ ಎರಡಾಗಿ ಬಂತು, ಮೇಲೆ ಮಂಕು, ಬಾಯಿಯ ಉದ್ದಕ್ಕೂ ಸ್ವಲ್ಪ ಹೊಳಪು, ನಡುವೆ ಕೈಯಲ್ಲಿ ಎಳೆದ ಹಾಗೆ ಓರೆಕೋರೆ ಗೆರೆ. ಕಬ್ಬಿಣವೂ ಉಕ್ಕೂ ಸೇರಿದ ಜಾಗ ಅದು.

ಉಕ್ಕು ಯಾವುದು? ಸಕಾಯಿಯಲ್ಲಿ ಬಹಳ ಓಡುವುದು ಯಸುಗಿ ಅನ್ನುವ ಊರಿನ ಉಕ್ಕು, ಹಿಟಾಚಿ ಮೆಟಲ್ಸ್‌ನದ್ದು. ಆ ಕಂಪನಿಯ ಹೆಸರು 2023ರಿಂದ ಪ್ರೊಟೀರಿಯಲ್. ಅಂಟಿಸುತ್ತಿದ್ದ ಕಾಗದದ ಬಣ್ಣದಿಂದ ಬಿಳಿ ಕಾಗದ, ನೀಲಿ ಕಾಗದ ಅಂತಲೇ ಉಕ್ಕಿಗೆ ಹೆಸರು, ಶಿರೊಗಾಮಿ, ಆಓಗಾಮಿ. ಬಿಳಿ 2 ಅನ್ನುವ ದರ್ಜೆಯಲ್ಲಿ ಶೇಕಡಾ 1.05ರಿಂದ 1.15 ಇಂಗಾಲ, ಬೇರೆ ಬೆರಕೆ ತುಂಬ ಕಡಿಮೆ. ನೀಲಿ 2ರಲ್ಲಿ ಇಂಗಾಲ ಅಷ್ಟೇ, ಜೊತೆಗೆ ಟಂಗ್‌ಸ್ಟನ್ ಮತ್ತು ಸ್ವಲ್ಪ ಕ್ರೋಮಿಯಂ. ಕಣ್ಣಲ್ಲಿ ನೋಡಿ ಇದು ಬಿಳಿ ಇದು ನೀಲಿ ಅನ್ನಲು ಆಗುವುದಿಲ್ಲ. ಗ್ರೈಂಡರಿಗೆ ಹಿಡಿದು ಕಿಡಿ ನೋಡುವ ಕ್ರಮ ಇದೆ, ಟಂಗ್‌ಸ್ಟನ್ ಇದ್ದರೆ ಕಿಡಿ ಕಡಿಮೆ, ಕೆಂಪು ಮಂಕು. ನಾನು ಹಿಡಿಯಲಿಲ್ಲ. ಈ ಉಕ್ಕನ್ನು ಹದ ಮಾಡುವುದು 200 ಡಿಗ್ರಿಯ ಆಸುಪಾಸಿನಲ್ಲಿ, ಗ್ರೈಂಡರಿನ ಬಿಸಿ ಅದನ್ನು ದಾಟಿದರೆ ಬಾಯಿ ಮೆತ್ತಗಾಗುತ್ತದೆ. ಹಿಡಿಯೊಳಗಿನ ಬಾಲಕ್ಕೆ ಕಿಡಿ ಹಾರಿಸಿ ನೋಡಿದರೆ ಹೇಗೆ ಅಂತ ಯೋಚಿಸಿದೆ, ಆದರೆ ಇಂಥ ಚೂರಿಯ ಬಾಲ ಸಾಮಾನ್ಯವಾಗಿ ಬರೀ ಮೆತ್ತಗಿನ ಕಬ್ಬಿಣ. ಅಲ್ಲಿ ನೋಡಿದರೆ ತಪ್ಪು ಉತ್ತರವೇ ಸಿಗುವುದು.

ನನ್ನ ಅಂದಾಜು ಬಿಳಿ. ನೀಲಿ ಉಕ್ಕು ದುಬಾರಿ, ಹಾಕಿದವರು ಅದನ್ನು ಅಲಗಿನ ಮೇಲೆ ಬರೆದುಕೊಳ್ಳುವುದು ಜಾಸ್ತಿ, ಇದರಲ್ಲಿ ಹಾಗೇನೂ ಇಲ್ಲ. ಮತ್ತೆ, ಬಿಳಿ ಉಕ್ಕು ಮಸೆಯಲು ಸುಲಭ, ಇದಕ್ಕೂ 1000 ನಂಬರಿನ ಸಾಣೆಕಲ್ಲಿನ ಮೇಲೆ ಹತ್ತೇ ನಿಮಿಷಕ್ಕೆ ಬಾಯಿ ಬಂತು. ಇದನ್ನು ಗಲ್ಲಿಯಲ್ಲಿ ಬರುವ ಸಾಣೆಯವರಿಗೆ ಮಾತ್ರ ಕೊಡಬೇಡಿ. ಚಕ್ರಕ್ಕೆ ಎರಡೂ ಬದಿ ಹಿಡಿದರೆ ಹಿಂಬದಿಯ ಆ ತೆಳು ತಗ್ಗು ಹೋಗುತ್ತದೆ, ಮತ್ತೆ ಬರುವುದಿಲ್ಲ.

ಕಳೆದ ಭಾನುವಾರ ದಕ್ಕೆಯಿಂದ ಬಂಗುಡೆ ತಂದೆ. ಕಿವಿರಿನ ಹಿಂದೆ ಇಟ್ಟು ಒತ್ತಿದರೆ ತಲೆ ಸದ್ದಿಲ್ಲದೆ ಬಂತು. ಅಮ್ಮ ತನ್ನ ಪಾಲಿನದನ್ನು ಮೆಟ್ಟುಕತ್ತಿಯಲ್ಲೇ ಮಾಡಿದಳು, ನನಗಿಂತ ಬೇಗ. ತೊಳೆದು ಒರೆಸುವಾಗ ಬಾಯಿಯ ಮೇಲೆ ತಿಳಿ ನೀಲಿ ಬಣ್ಣ ಹತ್ತಿತ್ತು. ಅದನ್ನು ಉಜ್ಜಲಿಲ್ಲ. ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿ ಇಟ್ಟೆ.