ಗೋಪಿ ಸರ್ಕಲ್ಲಿನ ಚೆಕ್‌ಮೇಟ್

‘ಯಾರ್ ನೋಡ್ತಾರೆ ಸಾರ್? ಚೌಕ ಚೌಕ ಕಂಡ್ರೆ ಸಾಕು.’

ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಈ ವಾರ ಎದ್ದ ಟ್ಯೂಷನ್ ಫ್ಲೆಕ್ಸನ್ನು ಡಿಸೈನ್ ಮಾಡಿದ ಹುಡುಗ ಹೇಳಿದ ಮಾತಿದು. ಚಿತ್ರದಲ್ಲಿ ಒಂದು ಕೈ ಚದುರಂಗದ ಬಿಳಿ ರಾಜನನ್ನು ಹಿಡಿದು ಕಪ್ಪು ರಾಜನನ್ನು ಉರುಳಿಸುತ್ತಿದೆ. ಮೇಲೆ ಬೆಂಕಿ ಅಕ್ಷರದಲ್ಲಿ ‘ಚೆಕ್‌ಮೇಟ್’. ಆದರೆ ರಾಜ ಇನ್ನೊಬ್ಬ ರಾಜನ ಪಕ್ಕದ ಮನೆಗೆ ಕಾಲಿಡುವಂತೆಯೇ ಇಲ್ಲ. ಪಕ್ಕಕ್ಕೆ ಸರಿದು ಹಿಂದಿನ ಕಾಯಿಗೆ ದಾರಿ ಬಿಟ್ಟಾನೇ ಹೊರತು ಎದುರು ರಾಜನಿಗೆ ತಾನೇ ಚೆಕ್ ಕೊಡಲಾರ, ಅಂದರೆ ಅವನ ಮೇಲೆ ದಾಳಿ ಮಾಡಲಾರ. ಮಣೆಯ ಮೇಲೆ ರಾಜ ಮಲಗಿದ್ದರೆ ಸೋತವನೇ ಮಲಗಿಸಿದ್ದಾನೆ ಎಂದರ್ಥ.

ಹಿಂದೆ ಮಸುಕಾಗಿ ಕಾಯಿ ಜೋಡಿಸಿಟ್ಟ ಮಣೆ. ಬಿಳಿ ಕಡೆಯಿಂದ ನೋಡಿದರೆ ಬಲಮೂಲೆಯ ಮನೆ ಕಪ್ಪಾಗಿದೆ, ಬಿಳಿ ಇರಬೇಕಿತ್ತು. ಇಂಥ ಕಡೆ ಮಂತ್ರಿಯನ್ನು ನೋಡಬೇಕು. ಬಿಳಿ ಮಂತ್ರಿ ರಾಜನ ಎಡಕ್ಕೆ, ಕಪ್ಪು ಮನೆಯಲ್ಲಿ ನಿಂತಿದ್ದರೆ ಮಣೆಯನ್ನೇ ಅಡ್ಡ ಇಟ್ಟಿದ್ದಾರೆ. ಬಿಳಿ ಮನೆಯಲ್ಲೇ ಇದ್ದು ರಾಜನ ಬಲಕ್ಕೆ ಬಂದಿದ್ದರೆ ಇಟ್ಟವನದಲ್ಲದೆಯೂ ಇರಬಹುದು ತಪ್ಪು, ಚಿತ್ರ ಕನ್ನಡಿಯಂತೆ ಮಗುಚಿರಬಹುದು. ಇಲ್ಲಿ ಆಗಿದ್ದು ಎರಡನೆಯದು: ಫೋನ್ ನಂಬರಿಗೆ ಎಡಗಡೆ ಜಾಗ ಬೇಕಿತ್ತಂತೆ, ‘ಫ್ಲಿಪ್’ ಒತ್ತಿದ್ದಾನೆ. ಹಳೇ ಕಲ್ಲಚ್ಚಿನಲ್ಲೂ ಇದೇ ಗಂಡಾಂತರ. ಕಲ್ಲಿನ ಮೇಲೆ ಎಲ್ಲವನ್ನೂ ತಿರುಗುಮುರುಗಾಗಿ ಬರೆಯಬೇಕು. ಅಕ್ಷರ ತಪ್ಪಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಣೆ ತಪ್ಪಿದರೆ, ಯಾರ್ ನೋಡ್ತಾರೆ?

ನೋಡುವವರಿದ್ದಾರೆ. ಸ್ವತಃ ಟೂರ್ನಿ ಆಟಗಾರನಾಗಿದ್ದ ಕಲಾವಿದ ಮಾರ್ಸೆಲ್ ದುಶಾಂ 1925ರ ಫ್ರೆಂಚ್ ಚಾಂಪಿಯನ್‌ಶಿಪ್ಪಿಗೆ ಮಾಡಿದ ಪೋಸ್ಟರಿನಲ್ಲಿ ಜೋಡಿಸಿದ ಮಣೆಯ ಗೊಡವೆಯೇ ಇಲ್ಲ; ಚೌಕಗಳು ಘನಗಳಾಗಿ ಉದುರುತ್ತವೆ. 2022ರಲ್ಲಿ ಮೆಸ್ಸಿ, ರೊನಾಲ್ಡೊ ಇಬ್ಬರನ್ನೂ ಚದುರಂಗದ ಮಣೆಯಾದ ಸೂಟ್‌ಕೇಸಿನ ಮುಂದೆ ಕೂರಿಸಿದ ಲೂಯಿ ವಿಟಾನ್ ಎಂಬ ದುಬಾರಿ ಬ್ಯಾಗ್ ಕಂಪನಿಯ ಜಾಹೀರಾತಿನಲ್ಲಿದ್ದದ್ದು 2017ರಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳಾದ ಕಾರ್ಲ್‌ಸನ್–ನಕಾಮುರಾ ಆಡಿದ ಪಂದ್ಯದ ನಿಜವಾದ ಸ್ಥಿತಿ. ಆ ಪಂದ್ಯ ಡ್ರಾ. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಜಗಳಕ್ಕೆ ಬಾಯಿಬಿಡದೆ ಕೊಟ್ಟ ಉತ್ತರ. ನಮ್ಮ ಟ್ಯೂಷನ್‌ನವರಿಗೆ ಡ್ರಾ ಹಿಡಿಸುವುದಿಲ್ಲ ಬಿಡಿ, ಅವರಿಗೆ ಎದುರಾಳಿ ಬಿದ್ದಿರಬೇಕು.

ಹುಡುಗ ಕೆಟ್ಟವನಲ್ಲ, ಅವಸರದವನು. ಇಷ್ಟೆಲ್ಲ ಕೇಳಿ, ‘ಹಂಗಾದ್ರೆ ಕೈಯಲ್ಲಿ ಯಾವ ಕಾಯಿ ಕೊಡ್ಬೇಕಿತ್ತು?’ ಅಂದ.

‘ಮಂತ್ರಿ.’

‘ಬ್ಯಾಡ ಸಾರ್. ಮಂತ್ರಿ ಹಾಕಿದ್ರೆ ಎಲೆಕ್ಷನ್ ಫ್ಲೆಕ್ಸ್ ಅಂತಾರೆ.’