ಹಾಟ್ ಟಬ್ ಬರುವ ಮುಂಚೆ ನೆಲದ ಕೆಲಸ

ಮೈಸೂರಿನ ಬೋಗಾದಿ ಕಡೆ ನಮ್ಮ ಅಕ್ಕನ ಮನೆ. ಭಾವನಿಗೆ ಸೊಂಟನೋವು ಹಳೆಯದು. ಬಿಸಿನೀರಿನಲ್ಲಿ ಕೂತರೆ ಹಿತವಾಗುತ್ತದೆ ಅಂತ ಹಿತ್ತಲಿನಲ್ಲಿ ಹಾಟ್ ಟಬ್ ಇಡಿಸಲು ತೀರ್ಮಾನಿಸಿದರು. ಜಾಗ ಮೊದಲೇ ಇತ್ತು. ಹಿಂದೆ ಕಾರು ನಿಲ್ಲಿಸಲು ಹಾಕಿಸಿದ್ದ ಕಾಂಕ್ರೀಟ್ ನೆಲ ಅದು. ಟಬ್ ಬರಲು ಇನ್ನೂ ಸಮಯವಿತ್ತು. ಒಂದು ಬಕೆಟ್ ನೀರು ಸುರಿದು ನೋಡೋಣ ಅಂದೆ.

ನೀರು ಕಾಂಪೌಂಡಿನ ಮೂಲೆಗೆ ಓಡಿತು. ಹಿತ್ತಲ ಬಾಗಿಲ ಹತ್ತಿರ ಸ್ವಲ್ಪ ನಿಂತಿತು. ನಿಂತಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಆಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಇಟ್ಟೆ. ಒಂದು ದಿಕ್ಕಿನಲ್ಲಿ ಪಟ್ಟಿ ನೆಲಕ್ಕೆ ಚೆನ್ನಾಗಿ ಕೂತಿತು. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ನಡುವಿನ ಉಬ್ಬಿನ ಮೇಲೆ ನಿಂತು ಆ ಕಡೆ ಈ ಕಡೆ ಆಡತೊಡಗಿತು. ತಗ್ಗಿನ ಮೂಲೆ ಒಂದು ಇಂಚಿಗಿಂತ ಜಾಸ್ತಿ ಕೆಳಗಿತ್ತು.

ನಮ್ಮ ಕಡೆ ಬಯಲಲ್ಲಿ ನೆಲ ಹಾಕುವ ಗಾರೆಯವರು ವಾಟ, ಅಂದರೆ ನೀರು ಹರಿದುಹೋಗಲು ಇಳಿಜಾರು, ಕೊಡದೆ ಬಿಡುವುದಿಲ್ಲ. ಅದು ಒಳ್ಳೆಯ ಅಭ್ಯಾಸ. ಮಳೆನೀರು ಗೋಡೆ ಬುಡದಲ್ಲಿ ನಿಲ್ಲಬಾರದು. ಈ ನೆಲಕ್ಕೆ ಎರಡು ಕಡೆಯಿಂದ ವಾಟ ಕೊಟ್ಟು ನೀರನ್ನು ಒಂದೇ ಮೂಲೆಗೆ ಇಳಿಸಿದ್ದರು. ಎರಡು ವಾಟ ಸೇರುವ ಕಡೆ ನೆಲಕ್ಕೆ ಮಡಿಕೆ ಬಿದ್ದಿತ್ತು. ಕಾರಿಗೆ ಇದರಿಂದ ಏನೂ ಆಗುವುದಿಲ್ಲ, ಚಕ್ರಕ್ಕೆ ಸ್ಪ್ರಿಂಗ್ ಇರುತ್ತದೆ. ಟಬ್ಬಿನ ಅಡಿಗೆ ಅಂಥದ್ದು ಏನೂ ಇಲ್ಲ.

ಎಲ್ಲರೂ ಮೊದಲು ಕೇಳುವುದು, ಇಷ್ಟು ಭಾರ ತಡೆಯುತ್ತದಾ ಅಂತ. ಲೆಕ್ಕ ಹಾಕಿ ನೋಡಿ. ಏಳು ಅಡಿಗೆ ಏಳು ಅಡಿ ಟಬ್. ನೀರು ಸುಮಾರು 1,200 ಲೀಟರ್, ಅಂದರೆ 1,200 ಕೆಜಿ. ಖಾಲಿ ಟಬ್ 300 ಕೆಜಿ, ನಾಲ್ಕು ಜನ ಕೂತರೆ ಇನ್ನೊಂದು 280. ಒಟ್ಟು 1,800 ಕೆಜಿಗೆ ಹತ್ತಿರ. ಕೇಳಿದರೆ ಭಯವಾಗುತ್ತದೆ. ಆದರೆ 49 ಚದರಡಿಗೆ ಹಂಚಿದರೆ ಒಂದು ಚದರಡಿಗೆ ಬರುವುದು 37 ಕೆಜಿ ಅಷ್ಟೇ. ಗಟ್ಟಿ ಮಣ್ಣಿನ ಮೇಲೆ ಕೂತ ನಾಲ್ಕಿಂಚಿನ ಕಾಂಕ್ರೀಟಿಗೆ ಅದು ಭಾರವೇ ಅಲ್ಲ. ಅಡಿ ಪೂರ್ತಿ ನೆಲಕ್ಕೆ ತಾಗಿದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಮೂರು ಮೂಲೆ, ಒಂದು ಉಬ್ಬು ಇಷ್ಟರ ಮೇಲೇ ಕೂತರೆ ಅಷ್ಟೂ ಭಾರ ಅಲ್ಲೇ ಬೀಳುತ್ತದೆ. ನಾಲ್ಕನೇ ಮೂಲೆ ಗಾಳಿಯಲ್ಲಿ ತೂಗುತ್ತದೆ. ನೀರು ತುಂಬಿದ ಮೇಲೆ ಫ್ರೇಮ್ ತಿರುಚಿಕೊಳ್ಳುತ್ತದೆ, ಟಬ್ಬಿನ ಅಕ್ರಿಲಿಕ್ ತೊಟ್ಟಿ ಸೀಳು ಬಿಡುತ್ತದೆ, ಒಳಗಿನ ಪೈಪಿನ ಜಾಯಿಂಟು ಸೋರಲು ಶುರುವಾಗುತ್ತದೆ.

ಹಾಗಾಗಿ ನನ್ನ ಪ್ರಕಾರ ಮಟ್ಟಕ್ಕಿಂತ ಮುಖ್ಯವಾದದ್ದು ನೆಲ ಸಪಾಟಾಗಿರುವುದು. ಇಡೀ ನೆಲ ಒಂದೇ ಕಡೆಗೆ ಚೂರು ಇಳಿಜಾರಿದ್ದರೆ ಟಬ್ಬಿನಲ್ಲಿ ನೀರು ಒಂದು ಬದಿಗೆ ಸ್ವಲ್ಪ ಏರಿ ಕಾಣುತ್ತದೆ, ಅಷ್ಟೇ. ನೆಲ ತಿರುಚಿದ್ದರೆ ಟಬ್ಬೇ ಹಾಳು.

ಸಲಹೆಗಳೇನೋ ಬಂದವು. ತಗ್ಗಿನ ಕಡೆ ಟೈಲ್ಸ್ ಚೂರು ಕೊಟ್ಟು ಕೂರಿಸಿಬಿಡಿ ಅಂದರು ಒಬ್ಬರು. ಬೀರು, ಮಂಚಕ್ಕೆ ಸರಿ. ಇಲ್ಲಿ ಆ ಚೂರಿನ ಮೇಲೆಯೇ ಭಾರ ಕೂರುತ್ತದೆ, ಎರಡು ಚೂರಿನ ನಡುವೆ ಮತ್ತೆ ತೂಗುತ್ತದೆ. ಮರಳು ಹಾಸಿ ಅಂದರು ಇನ್ನೊಬ್ಬರು. ಮಳೆಗೆ, ಟಬ್ಬಿನಿಂದ ಚೆಲ್ಲುವ ನೀರಿಗೆ ಮರಳು ಕೊಚ್ಚಿ ಹೋಗುತ್ತದೆ. ಮೇಲೆ ತೆಳ್ಳಗೆ ಸಿಮೆಂಟು ಸಾರಿಸಿದರೆ ಅಂಚಿನಲ್ಲಿ ಹಪ್ಪಳಿಕೆ ಎದ್ದು ಬರುತ್ತದೆ.

ಮಂಡ್ಯ ಕಡೆಯ ಮೇಸ್ತ್ರಿಯೊಬ್ಬರು ಬಂದರು. ಅವರು ಪಟ್ಟಿ ಕೈಗೆತ್ತಿಕೊಳ್ಳುವ ಮೊದಲು ಸುತ್ತಿಗೆಯ ಹಿಂಬದಿಯಿಂದ ನೆಲವನ್ನೆಲ್ಲ ತಟ್ಟುತ್ತಾ ಹೋದರು. "ಟೊಳ್ಳು ಸದ್ದು ಬರ್ತಿಲ್ಲ ಸಾ. ಅಡಿ ಮಣ್ಣು ಕುಸ್ದಿಲ್ಲ" ಅಂದರು. ಅಷ್ಟಕ್ಕೇ ನಂಬದೆ ತಗ್ಗಿನ ಮೂಲೆಯ ಪಕ್ಕ ಒಂದಡಿ ಅಗೆಸಿ ನೋಡಿದರು. ಕೆಂಪು ಮಣ್ಣು ಗಟ್ಟಿಯಾಗಿಯೇ ಇತ್ತು. ಬಿರುಕೂ ಇರಲಿಲ್ಲ. ಈ ಪರೀಕ್ಷೆ ಯಾರೂ ಬಿಡಬಾರದು. ನೆಲ ಕುಸಿಯುತ್ತಾ ಇದ್ದರೆ ಮೇಲೆ ಏನು ಹಾಕಿದರೂ ಅದೂ ಜೊತೆಗೇ ಇಳಿಯುತ್ತದೆ. ಆಗ ಹಳೆಯದನ್ನು ಒಡೆದು, ಮಣ್ಣು ದಮ್ಮಸ್ಸು ಮಾಡಿ ಹೊಸದಾಗಿ ಹಾಕುವುದೇ ದಾರಿ.

ನಮ್ಮದು ಬರೀ ಮೇಲ್ಮೈ ತೊಂದರೆ. ಹಳೆಯ ನೆಲದ ಮೇಲೆಯೇ ಹೊಸ ಪದರ ಹಾಕುವುದು ಅಂತಾಯಿತು. ಉಬ್ಬಿನ ಕಡೆ ಎರಡು ಇಂಚು, ತಗ್ಗಿನ ಮೂಲೆಗೆ ಮೂರಕ್ಕೂ ಜಾಸ್ತಿ. ಉಳಿ ಹಿಡಿದು ಹಳೆಯ ನುಣುಪನ್ನೆಲ್ಲ ಕಚ್ಚು ಹೊಡೆದರು. ಧೂಳು ತೊಳೆದು, ರಾತ್ರಿಯಿಡೀ ಒದ್ದೆ ಗೋಣಿಚೀಲ ಹೊದಿಸಿಟ್ಟರು. ಒಣ ಕಾಂಕ್ರೀಟು ಹೊಸದರ ನೀರು ಹೀರಿಬಿಡುತ್ತದೆ, ಹಾಗಾದರೆ ಹಿಡಿತ ಬರುವುದಿಲ್ಲ. ಟ್ಯೂಬಿನಲ್ಲಿ ನೀರು ತುಂಬಿ ನಾಲ್ಕೂ ಕಡೆಯ ಹಲಗೆಗೆ ಮಟ್ಟದ ಗುರುತು ಹಾಕಿದರು. ತಂತಿ ಬಲೆ ಹಾಸಿದರು. ಕರೆಂಟಿನ ಪೈಪನ್ನೂ ಆಗಲೇ ಟಬ್ ಕೂರುವ ಜಾಗದ ಹೊರಗೆ ಹೂಳಿಸಿದೆವು. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಬೇಕೇ ಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿದ್ದೆ.

ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮುಂಚೆಯೇ ಕಾಂಕ್ರೀಟ್ ಸುರಿದರು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು), ಮೂರು ಪಾಲು ಸಣ್ಣ ಜಲ್ಲಿ. ಕೆಲಸದ ಹುಡುಗ ಸಲೀಸಾಗಲಿ ಅಂತ ನೀರು ಜಾಸ್ತಿ ಹಾಕಲು ಹೋದಾಗ ಮೇಸ್ತ್ರಿ ಬಕೆಟ್ಟು ಕಿತ್ತುಕೊಂಡರು. ಅದನ್ನು ನೋಡಿ ಇವರ ಕೈಗೆ ಕೆಲಸ ಕೊಟ್ಟದ್ದು ಒಳ್ಳೆಯದಾಯಿತು ಅನ್ನಿಸಿತು.

ವಾಟದ ವಿಷಯದಲ್ಲಿ ಅವರಿಗೂ ನನಗೂ ಸ್ವಲ್ಪ ಹೊತ್ತು ಮಾತಾಯಿತು. "ಬಯಲಾಗೆ ವಾಟ ಇಲ್ದೆ ಬುಡೋಕಾಯ್ತದಾ ಸಾ?" ಅವರ ಮಾತಲ್ಲೂ ನ್ಯಾಯವಿತ್ತು. ಕೊನೆಗೆ ದಾರಿ ಹುಡುಕಿದ್ದೂ ಅವರೇ. ಟಬ್ ಕೂರುವ ಏಳಡಿ ಚೌಕ ಪೂರ್ತಿ ಸಪಾಟು. ಸುತ್ತಲಿನ ಒಂದಡಿ ಅಂಚಿಗೆ ಮಾತ್ರ ಹೊರಮುಖವಾಗಿ ವಾಟ. ನೀರು ಟಬ್ಬಿನ ಬುಡದಲ್ಲೂ ನಿಲ್ಲುವುದಿಲ್ಲ, ಗೋಡೆಗೂ ಹೋಗುವುದಿಲ್ಲ.

ಮರುದಿನ ಚೌಕದ ಸುತ್ತ ಜೇಡಿಮಣ್ಣಿನ ಬದು ಕಟ್ಟಿ, ನಾಟಿಗೆ ಸಿದ್ಧವಾದ ಗದ್ದೆಯ ಹಾಗೆ ನೀರು ನಿಲ್ಲಿಸಿದರು. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ಕ್ಯೂರಿಂಗ್, ಅಂದರೆ ಹೀಗೆ ಒದ್ದೆಯಾಗಿಡುವುದು, ಬೇಕು. ನಮ್ಮದು ಪಿಪಿಸಿ. ನಿಂತ ನೀರಿನಿಂದ ಇನ್ನೊಂದು ಲಾಭವಾಯಿತು. ಸ್ಕೇಲು ಇಳಿಸಿ ಎಲ್ಲ ಕಡೆ ಆಳ ಅಳೆದೆ. ಹೆಚ್ಚುಕಡಿಮೆ ಒಂದೇ ಇತ್ತು. ಬಾಗಿಲ ಕಡೆ ಮಾತ್ರ ಬೆರಳಗಲದಷ್ಟು ಜಾಗ ಚೂರು ಎದ್ದಿತ್ತು. ಕ್ಯೂರಿಂಗ್ ಮುಗಿದ ಮೇಲೆ ಗ್ರೈಂಡರ್ ಹಿಡಿದು ಉಜ್ಜಿದರು.

ಟಬ್ ಬೇಗ ತರಿಸೋಣ ಅಂತ ಭಾವ ಅವಸರ ಮಾಡಿದರು. ಕಾಂಕ್ರೀಟಿನ ಬಲ ಅಳೆಯುವುದೇ 28 ದಿನಕ್ಕೆ, ಅಲ್ಲಿಯವರೆಗೆ ತಡೆಯಿರಿ ಅಂದೆ. ಒಪ್ಪಿದರು. ಟಬ್ ಇಳಿಸಿದ ದಿನ ನೀರು ತುಂಬುವ ಮುಂಚೆ ಅಡಿಯಲ್ಲಿ ಸುತ್ತಲೂ ಹಳೆಯ ಪೋಸ್ಟ್‌ಕಾರ್ಡ್ ತೂರಿಸಿ ನೋಡಿದೆವು. ಎಲ್ಲೂ ಒಳಗೆ ಹೋಗಲಿಲ್ಲ. ತುಂಬಿಸಿದ ಮೇಲೆ ನಾಲ್ಕೂ ಬದಿಯಲ್ಲಿ ಅಂಚಿನಿಂದ ನೀರಿನವರೆಗೆ ಅಳೆದೆವು. ವ್ಯತ್ಯಾಸ ಎರಡು ಮಿಲಿಮೀಟರ್ ಒಳಗೇ ಇತ್ತು.

ನೆಲ ಎತ್ತರವಾದ್ದರಿಂದ ಈಗ ಟಬ್ ಹತ್ತಲು ಭಾವನಿಗೆ ಒಂದು ಮೆಟ್ಟಿಲು ಬೇಕು. ಟಬ್ಬಿನ ಮೋಟಾರಿನ ಬಾಗಿಲಿಗೆ ಅಡ್ಡ ಬರದ ಕಡೆ ಕಟ್ಟಿಕೊಡುತ್ತೇನೆ ಅಂತ ಮೇಸ್ತ್ರಿ ಹೇಳಿದ್ದಾರೆ.